ಎರೆಮಣ್ಣಿನಲ್ಲಿ ಶೇಕಡಾ ನೂರು ಎಂದರೆ ಎಷ್ಟು?

ರೋಣ, ನರಗುಂದದ ಎರೆಹೊಲಗಳಲ್ಲಿ ಹಿಂಗಾರಿಯ ಕಡಲೆ, ಬಿಳಿಜೋಳ ಬೆಳೆಯುವುದೇ ನೆಲದೊಳಗೆ ಉಳಿದ ಹಸಿಯ ಮೇಲೆ. ಅಲ್ಲಿ ಆರ್ಡುಯಿನೊ ಕಲಿಯುವವರು ಎಲ್‌ಇಡಿ ಮಿನುಗಿಸಿದ ಮೇಲೆ ಮಣ್ಣಿನ ತೇವದ ಸೆನ್ಸರ್‌ಗೆ ಕೈಹಾಕುವುದು ಸಹಜ, ಸರಿಯೂ ಹೌದು. ಎಡವುವುದು ಒಂದೇ ಕಡೆ, ಸಿದ್ಧ ಪ್ರೋಗ್ರಾಮಿನಿಂದ ಎತ್ತಿಕೊಂಡ 'ಮ್ಯಾಪ್' ಸಾಲಿನಲ್ಲಿ.

ಆರ್ಡುಯಿನೊ ಊನೊ ಬೋರ್ಡಿನ ಎಟಿಮೆಗಾ328ಪಿ ಚಿಪ್ಪು ಪಿನ್ನಿನ ವೋಲ್ಟೇಜನ್ನು 0ಯಿಂದ 1023ರವರೆಗಿನ ಒಂದು ಅಂಕಿಯಾಗಿ ಕೊಡುತ್ತದೆ, ಅಷ್ಟೆ. ಮ್ಯಾಪ್ ಅದನ್ನು 100ಕ್ಕೆ ಇಳಿಸುತ್ತದೆ; ಪಕ್ಕಕ್ಕೆ ಶೇಕಡಾ ಚಿಹ್ನೆ ಬಿದ್ದ ಕೂಡಲೇ ಅದು ತೇವಾಂಶ ಅನಿಸಿಕೊಳ್ಳುತ್ತದೆ. ಯಾವುದರ ಶೇಕಡಾ? ಎರಡು ಕಡ್ಡಿಯ ಅಗ್ಗದ ಸೆನ್ಸರ್ ಅಳೆಯುವುದು ಕಡ್ಡಿಗಳ ನಡುವಿನ ವಿದ್ಯುತ್ ರೋಧವನ್ನು. ಮಲಪ್ರಭಾ ಕಾಲುವೆಯ ನೀರುಂಡು ಸವುಳಾದ ನೆಲದಲ್ಲಿ ಉಪ್ಪು ರೋಧವನ್ನು ತಗ್ಗಿಸುತ್ತದೆ, ಸೆನ್ಸರ್ ಇಲ್ಲದ ಹಸಿ ತೋರಿಸುತ್ತದೆ. ಎರೆಮಣ್ಣು ಒಣಗಿ ಬಿರಿದಾಗ ಆಗುವುದು ಇದರ ಉಲ್ಟಾ: ಕಡ್ಡಿಗೂ ಮಣ್ಣಿಗೂ ನಡುವೆ ಗಾಳಿ ಸೇರಿ, ಪಕ್ಕದ ಹೆಂಟೆಯೊಳಗೆ ಹಸಿ ಇದ್ದರೂ ಪೂರ್ತಿ ಒಣ ಎನ್ನುತ್ತದೆ. ಸದಾ ಕರೆಂಟು ಹರಿಯುತ್ತಿದ್ದರೆ ಕಡ್ಡಿಯ ಲೋಹವೂ ಕರಗಿ ಸವೆಯುತ್ತದೆ. ಓದುವಾಗಷ್ಟೇ ಡಿಜಿಟಲ್ ಪಿನ್ನಿಂದ ಕರೆಂಟು ಕೊಟ್ಟು ಮತ್ತೆ ನಿಲ್ಲಿಸಿ. ಒಂದು ಪಿನ್ನಿಗೆ 40 ಮಿಲಿಆಂಪ್ ಕಡೆಯ ಮಿತಿ ಎಂದು ಡೇಟಾಶೀಟ್ ಹೇಳುತ್ತದೆ. ಅದನ್ನು ಓದದೆ ಈ ವಿದ್ಯೆ ಬಾರದು.

ಅಸೆಂಬ್ಲಿ ಭಾಷೆಯಿಂದ ಶುರುಮಾಡದಿದ್ದರೆ ಹೀಗೇ ಆಗುವುದೆಂದು 8051 ಚಿಪ್ಪಿನ ಪಂಥದವರು ಹೇಳಿಯಾರು. ಒಪ್ಪಲಾರೆ. ಇಂಟೆಲ್ 1980ರಲ್ಲಿ ತಂದ ಆ ಚಿಪ್ಪಿನಲ್ಲಿ 128 ಬೈಟ್ ರ‍್ಯಾಮ್. ವೋಲ್ಟೇಜನ್ನು ಅಂಕಿಯಾಗಿಸುವ ಎಡಿಸಿ ಅದರೊಳಗೆ ಇಲ್ಲವೇ ಇಲ್ಲ. ರಿಜಿಸ್ಟರುಗಳನ್ನು ಬಾಯಿಪಾಠ ಮಾಡಿದವರಿಗೂ ಮ್ಯಾಪ್ ಸಾಲಿನ ಸುಳ್ಳು ಕಾಣದು, ಏಕೆಂದರೆ ಕೊರತೆ ಇರುವುದು ಭಾಷೆಯಲ್ಲಲ್ಲ, ಅಳತೆಯಲ್ಲಿ.

ಆ ಅಳತೆಗಾಗಿ ಒಂದು ಕಿಲೋ ಎರೆಮಣ್ಣನ್ನು ಬಿಸಿಲಿಗೆ ಹರವಿ, ಪುಡಿಮಾಡಿ ಕುಂಡಕ್ಕೆ ತುಂಬಿ. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಪ್ರತಿಸಲ 50 ಗ್ರಾಂ ನೀರು ಬೆರೆಸಿ, ಕಲಸಿ, ಒತ್ತಿ, ಸೆನ್ಸರ್ ಕೊಟ್ಟ ಅಂಕಿ ಬರೆದಿಡಿ. ಬಿಸಿಲಿಗೆ ಒಣಗಿದ ಎರೆಯಲ್ಲಿ ಸ್ವಲ್ಪ ನೀರು ಉಳಿದೇ ಇರುತ್ತದೆ. ಪ್ರಯೋಗಾಲಯದವರು 105 ಡಿಗ್ರಿಯಲ್ಲಿ ಒಣಗಿಸುವುದು ಅದಕ್ಕೇ. ಗಜೇಂದ್ರಗಡದ ಗುಡ್ಡದ ಕಡೆಯ ಮಸಾರಿಗೂ ಇದನ್ನೇ ಮಾಡಿ. ಎರಡರ ಗೆರೆಗಳು ಒಂದರ ಮೇಲೊಂದು ಕೂರುವುದಿಲ್ಲ, ನೇರವಾಗಿಯೂ ಇರುವುದಿಲ್ಲ. ಆ ಅಂಕಿಗಳನ್ನು ಅರೇಯಲ್ಲಿಟ್ಟು ಎರಡು ಬಿಂದುಗಳ ನಡುವಿನ ಬೆಲೆ ಕಂಡುಹಿಡಿಯುವ ಫಂಕ್ಷನ್ ಬರೆಯುವಾಗ ಲೂಪ್, ಇಫ್, ಅರೇ ಮೂರೂ ಬೇಕಾಗಿಯೇ ಬರುತ್ತವೆ. ಇಷ್ಟಾದರೆ ಹೊಸಬರ ಹುರುಪು ಇಳಿಯುತ್ತದೆಂಬ ಮಾತಿದೆ. ಹುರುಪು ಇಳಿಸುವುದು ತೂಕವಲ್ಲ. ನೀರು ಹನಿಸಿದ ಕುಂಡ ಶೇಕಡಾ 12 ಎಂದು ತೋರಿಸಿದಾಗ ಕಾರಣ ತಿಳಿಯದೆ ಕೂರುವುದು. ಕೆಪಾಸಿಟಿವ್ ಸೆನ್ಸರ್ ಕೊಂಡರೆ ಸಾಲದೇ ಎನ್ನುವವರಿಗೆ: ಅದು ಸವೆಯುವುದಿಲ್ಲ, ಖಂಡಿತ ಕೊಳ್ಳಿ. ಆದರೆ ಬಿರುಕಿನ ಗಾಳಿ ಅದನ್ನೂ ತಪ್ಪಿಸುತ್ತದೆ, ಅದಕ್ಕೂ ಜಿಗುಟು ಎರೆಗೊಂದು, ಮರಳು ಬೆರೆತ ಮಸಾರಿಗೊಂದು ಬೇರೆ ಬೇರೆ ಅರೇ ಬೇಕು.