ಕ್ರಯಪತ್ರಕ್ಕೂ ಮೊದಲಿನ ಷರತ್ತು

ಮೈಸೂರಿನ ಮಾನಂದವಾಡಿ ರಸ್ತೆ ಹಿಡಿದು ಅಶೋಕಪುರಂ ಕಡೆ ಹೋದರೆ ಸಾರ್ವಜನಿಕ ಕೈಗಾರಿಕೆಯ ಮೂರು ದೊಡ್ಡ ಕಾಂಪೌಂಡುಗಳು ಆಸುಪಾಸಿನಲ್ಲೇ ಸಿಗುತ್ತವೆ. ಒಂದು ರೇಷ್ಮೆ ನೇಯ್ಗೆ ಕಾರ್ಖಾನೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ, ಹೊರದೇಶದಿಂದ ತರಿಸಿದ ಮಗ್ಗಗಳೊಂದಿಗೆ ಶುರುವಾದದ್ದು. ಈಗ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಕೈಯಲ್ಲಿದೆ. ಇನ್ನೊಂದು ಶ್ರೀಗಂಧದ ಎಣ್ಣೆ ಕಾರ್ಖಾನೆ. ಮೊದಲ ಮಹಾಯುದ್ಧದಿಂದಾಗಿ ಗಂಧದ ಮರ ಯುರೋಪಿಗೆ ಹೋಗುವುದು ನಿಂತಾಗ, ಎಣ್ಣೆಯನ್ನು ನಾವೇ ಏಕೆ ತೆಗೆಯಬಾರದು ಎಂದು ಮೈಸೂರು ಸಂಸ್ಥಾನ ಹೊರಟದ್ದರ ಫಲ ಅದು. ಮೂರನೆಯದು ರೈಲ್ವೆ ಕಾರ್ಯಾಗಾರ.

ಈ ಮೂರರಲ್ಲಿ ಒಂದನ್ನೂ ಯಾರೂ ಮಾರಾಟಕ್ಕಿಟ್ಟಿಲ್ಲ. ಆದರೂ ಸಾರ್ವಜನಿಕ ಕೈಗಾರಿಕಾ ಜಮೀನನ್ನು ಖಾಸಗಿಯವರಿಗೆ ಮಾರುವ ಪದ್ಧತಿಯನ್ನು ಅಳೆಯಲು ಅಶೋಕಪುರಂಗಿಂತ ಒಳ್ಳೆಯ ಜಾಗ ನನಗೆ ಕಾಣುವುದಿಲ್ಲ. ಮಾರಾಟದ ಸುದ್ದಿ ಬಂದಾಗಲೆಲ್ಲ ನಮ್ಮಲ್ಲಿ ಚರ್ಚೆ ಒಂದೇ ಪ್ರಶ್ನೆಯ ಸುತ್ತ ಗಿರಕಿ ಹೊಡೆಯುತ್ತದೆ: ಎಕರೆಗೆ ಎಷ್ಟು? ಬೆಲೆ ಕಡಿಮೆಯಾಯಿತೆಂದು ವಿರೋಧ ಪಕ್ಷ ಕೂಗುತ್ತದೆ, ಒಪ್ಪಂದದಲ್ಲಿದ್ದ ಬೆಲೆಯೇ ಅದು ಎಂದು ಸರ್ಕಾರ ಹೇಳುತ್ತದೆ. ಆ ಜಮೀನು ಊರಿಗೆ ಏನು ಮಾಡಿಕೊಡುತ್ತಿತ್ತು ಎಂಬ ಲೆಕ್ಕ ಯಾವ ಕಡತದಲ್ಲೂ ಇರುವುದಿಲ್ಲ. ಅಶೋಕಪುರಂನಲ್ಲಿ ಆ ಲೆಕ್ಕ ಕಣ್ಣಿಗೆ ಕಾಣುತ್ತದೆ.

ಅಶೋಕಪುರಂ ಮೊದಲು ಆದಿಕರ್ನಾಟಕಪುರ. ನಗರದ ದೊಡ್ಡ ದಲಿತ ಬಡಾವಣೆ, ಅಂಬೇಡ್ಕರ್ ಚಳವಳಿಯ ಗಟ್ಟಿ ನೆಲ. ಇಲ್ಲಿನ ಎಷ್ಟೋ ಮನೆಗಳಿಗೆ ಮೊದಲ ತಿಂಗಳ ಸಂಬಳ ಬಂದದ್ದು ಇಂಥ ಗೇಟುಗಳೊಳಗಿಂದ. ಆ ಸಂಬಳದ ಹಿಂದೆ ಪಿಂಚಣಿ ಬಂತು, ಮಕ್ಕಳ ಓದು ಬಂತು, ಗೇಟಿನ ಮುಂದೆ ಭಾಷಣ ಮಾಡುವ ಧೈರ್ಯ ಕೊಟ್ಟ ಕಾರ್ಮಿಕ ಸಂಘ ಬಂತು. ಸಾರ್ವಜನಿಕ ಕೈಗಾರಿಕೆಯಲ್ಲಿ ಮೀಸಲಾತಿ ಇದೆ. ಖಾಸಗಿ ಮಾಲ್‌ನಲ್ಲಿ, ಅಪಾರ್ಟ್‌ಮೆಂಟ್ ಸಮುಚ್ಚಯದಲ್ಲಿ ಇಲ್ಲ. ಕಾರ್ಖಾನೆಯ ಜಾಗ ಡೆವಲಪರ್ ಕೈಗೆ ಹೋದಾಗ ಆ ಜಾಗಕ್ಕೆ ಅಂಟಿಕೊಂಡಿದ್ದ ಸಂವಿಧಾನದ ಒಂದು ಹಕ್ಕು ಸದ್ದಿಲ್ಲದೆ ಅಳಿಸಿಹೋಗುತ್ತದೆ. ಇದನ್ನು ಯಾವ ಮೌಲ್ಯಮಾಪಕನೂ ಎಕರೆಯ ದರದಲ್ಲಿ ಸೇರಿಸುವುದಿಲ್ಲ. ನನ್ನ ಮೊದಲ ಆಕ್ಷೇಪ ಇಲ್ಲಿಯೇ.

ಸರ್ಕಾರಕ್ಕೆ ಕಾರ್ಖಾನೆ ನಡೆಸಲು ಬರುವುದಿಲ್ಲ, ಆದ್ದರಿಂದ ಮಾರಿಬಿಡಲಿ ಎನ್ನುವವರು ಸಾಬೂನಿನ ಲೆಕ್ಕವನ್ನಾದರೂ ನೋಡಬೇಕು. ಈ ಗಂಧದೆಣ್ಣೆ ಕಾರ್ಖಾನೆಯ ಒಡೆತನ ಹೊಂದಿರುವ ಕರ್ನಾಟಕ ಸಾಬೂನು ಮತ್ತು ಮಾರ್ಜಕ ನಿಗಮ 2023-24ರಲ್ಲಿ 362 ಕೋಟಿ ರೂಪಾಯಿ ಲಾಭ ಮಾಡಿ, 108 ಕೋಟಿಗೂ ಹೆಚ್ಚು ಲಾಭಾಂಶವನ್ನು ಸರ್ಕಾರಕ್ಕೆ ಕೊಟ್ಟಿತು. ಮೈಸೂರು ರೇಷ್ಮೆ ಸೀರೆಗೆ ಅಂಗಡಿ ತೆರೆಯುವ ಮುನ್ನವೇ ಹೆಂಗಸರು ಸಾಲು ನಿಲ್ಲುವುದನ್ನು ನಾಡೆಲ್ಲ ನೋಡಿದೆ. ಎಲ್ಲ ಸರ್ಕಾರಿ ಕಾರ್ಖಾನೆಗಳೂ ಹೀಗೆ ನಡೆದಿಲ್ಲ, ಒಪ್ಪುತ್ತೇನೆ. ಮುಚ್ಚಿದವುಗಳ ಪಟ್ಟಿ ಉದ್ದವಿದೆ. ಆದರೆ ಮುಚ್ಚಿದ್ದು ಕಾರ್ಖಾನೆ. ಜಮೀನಿನ ಉದ್ದೇಶ ಅದರ ಜೊತೆಗೇ ಸಾಯಬೇಕೆಂದು ಯಾರು ಹೇಳಿದರು?

ನಮ್ಮ ರಾಜ್ಯದಲ್ಲಿ ಈ ಪದ್ಧತಿಯ ಬಹು ಚರ್ಚಿತ ಪರೀಕ್ಷೆ ನಡೆದದ್ದು ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ. ಕೊಳ್ಳುವವರು ಅಲ್ಲಿ ಬಿಲ್ಡರ್ ಅಲ್ಲ, ಜಿಂದಾಲ್ ಉಕ್ಕಿನ ಕಂಪನಿ. ಆದರೂ ನಮ್ಮ ಸರ್ಕಾರಗಳು ಸಾರ್ವಜನಿಕ ಜಮೀನಿನ ಬಗ್ಗೆ ಹೇಗೆ ಯೋಚಿಸುತ್ತವೆ ಎಂಬುದನ್ನು ಇಷ್ಟು ಬಿಚ್ಚಿ ತೋರಿಸಿದ ಇನ್ನೊಂದು ಪ್ರಕರಣವಿಲ್ಲ. ಗುತ್ತಿಗೆ ಮತ್ತು ಮಾರಾಟದ ಕರಾರಿನ ಮೇಲೆ, ಅಂದರೆ ಜನ ‘ಲೀಸ್ ಕಂ ಸೇಲ್’ ಎನ್ನುವ ಪದ್ಧತಿಯಲ್ಲಿ, ಕೊಟ್ಟಿದ್ದ 3,667 ಎಕರೆಗೆ ಶುದ್ಧ ಕ್ರಯಪತ್ರ ಮಾಡಿಕೊಡಲು 2019ರ ಮೇ ತಿಂಗಳಲ್ಲಿ ಎಚ್.ಡಿ. ಕುಮಾರಸ್ವಾಮಿ ಅವರ ಸಂಪುಟ ಒಪ್ಪಿತು. ದರ, ಎರಡು ಸಾವಿರ ಎಕರೆಗೆ ತಲಾ 1.22 ಲಕ್ಷ, ಉಳಿದ 1,666 ಎಕರೆಗೆ ತಲಾ 1.50 ಲಕ್ಷ. ಗುಣಿಸಿ ಕೂಡಿದರೆ ಐವತ್ತು ಕೋಟಿಯೊಳಗೆ ನಿಲ್ಲುತ್ತದೆ. ಆಳುವ ಮೈತ್ರಿಕೂಟದೊಳಗಿಂದಲೇ ಎಚ್.ಕೆ. ಪಾಟೀಲರು ಪತ್ರ ಬರೆದು ವಿರೋಧಿಸಿದರು. ಬಿ.ಎಸ್. ಯಡಿಯೂರಪ್ಪನವರು ಬೆಂಗಳೂರಿನಲ್ಲಿ ಅಹೋರಾತ್ರಿ ಧರಣಿ ಕುಳಿತರು. ಮುಂದೆ ಅವರೇ ಮುಖ್ಯಮಂತ್ರಿಯಾದಾಗ, 2021ರ ಏಪ್ರಿಲಿನಲ್ಲಿ, ಅವರ ಸಂಪುಟ ಅದೇ ಮಾರಾಟಕ್ಕೆ ಒಪ್ಪಿಗೆ ಕೊಟ್ಟಿತು. ಸ್ವಪಕ್ಷದ ಶಾಸಕರು ತಿರುಗಿಬಿದ್ದಾಗ ಒಂದೇ ತಿಂಗಳಲ್ಲಿ ತಡೆಹಿಡಿಯಿತು. 2024ರ ಆಗಸ್ಟ್‌ನಲ್ಲಿ ಸಿದ್ದರಾಮಯ್ಯನವರ ಸಂಪುಟ ಮತ್ತೆ ಒಪ್ಪಿತು. ಆಗ ಕಾನೂನು ಸಚಿವರಾಗಿ ಆ ತೀರ್ಮಾನವನ್ನು ಪತ್ರಕರ್ತರಿಗೆ ತಿಳಿಸಿದವರು ಎಚ್.ಕೆ. ಪಾಟೀಲರೇ.

ಮೂರು ಪಕ್ಷಗಳು, ಮೂರು ಸಂಪುಟಗಳು, ಒಂದೇ ನಿರ್ಧಾರ. ವ್ಯಕ್ತಿಗಳನ್ನು ಬೈದು ಪ್ರಯೋಜನವಿಲ್ಲ. ದೋಷ ಕರಾರಿನ ಹೊಟ್ಟೆಯಲ್ಲೇ ಇದೆ. ಮೊದಲ ದಿನವೇ ಒಂದು ಬೆಲೆ ಬರೆದು, ಷರತ್ತು ಪೂರೈಸಿದರೆ ಕ್ರಯಪತ್ರ ಮಾಡಿಕೊಡುತ್ತೇವೆ ಎಂದು ಸರ್ಕಾರ ಸಹಿ ಹಾಕಿದ ಮೇಲೆ ಹದಿನೈದು ವರ್ಷ ಬಿಟ್ಟು ಬಂದ ಸರ್ಕಾರಕ್ಕೆ ಉಳಿಯುವ ದಾರಿ ಕಿರಿದು. ಕಂಪನಿ ಕೇಳಿದ್ದು ಕರಾರಿನ ಪ್ರಕಾರವೇ ಸರಿ. ಸಾವಿರಾರು ಕೋಟಿ ಹೂಡಿದೆ, ಕೆಲಸ ಕೊಟ್ಟಿದೆ, ಉಕ್ಕು ತಯಾರಾಗುತ್ತಿದೆ. ನನ್ನ ತಕರಾರು ಆ ಕರಾರನ್ನು ಬರೆದ ಕೈಯ ಮೇಲೆ. ಕೈಗಾರಿಕೆ ನಡೆಯಲು ಗುತ್ತಿಗೆ ಸಾಕಾಗಿತ್ತು. ಉಕ್ಕಿನ ಕುಲುಮೆ ಉರಿಯಲು ಕ್ರಯಪತ್ರ ಬೇಕಾಗಿರಲಿಲ್ಲ. ಕ್ರಯಪತ್ರ ಬೇಕಾಗುವುದು ಒಂದು ದಿನ ಕುಲುಮೆ ಆರಿದ ಮೇಲೆ ಆ ನೆಲವನ್ನು ಬೇರೆ ಏನಾದರೂ ಮಾಡಲು, ಇಲ್ಲವೇ ಪರಭಾರೆ ಮಾಡಲು. ಆ ದಿನ ಬಂದಾಗ ರಾಜ್ಯಕ್ಕೆ ಮಾತಾಡುವ ಹಕ್ಕು ಇರುವುದಿಲ್ಲ. ಇದನ್ನು ಸಂಪುಟದಲ್ಲಿ ಕೂತ ಯಾರಾದರೂ ಗಟ್ಟಿಯಾಗಿ ಕೇಳಬೇಕಿತ್ತು.

ಇಂಥ ಜಮೀನು ಸರ್ಕಾರಕ್ಕೆ ಹೇಗೆ ಬಂತು ಎಂಬುದನ್ನೂ ಮರೆಯುತ್ತೇವೆ. ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ, ಅಂದರೆ ಕೆಐಎಡಿಬಿ, ಹುಟ್ಟಿದ್ದು 1966ರ ಕಾಯ್ದೆಯಿಂದ. ರೈತ ಒಲ್ಲೆ ಎಂದರೂ ಅವನ ಹೊಲವನ್ನು ಸ್ವಾಧೀನಪಡಿಸಿಕೊಳ್ಳುವ ಅಧಿಕಾರವನ್ನು ಆ ಕಾಯ್ದೆ ಕೊಟ್ಟಿದೆ. ಮೈಸೂರಿನ ಹೆಬ್ಬಾಳ, ಹೂಟಗಳ್ಳಿ, ಕೂರ್ಗಳ್ಳಿ, ಕಡಕೊಳ, ತಾಂಡ್ಯದ ಕೈಗಾರಿಕಾ ವಸಾಹತುಗಳು ಒಂದು ಕಾಲಕ್ಕೆ ರಾಗಿ, ಹುರುಳಿ ಬೆಳೆಯುವ ನೆಲ. ರೈತನಿಗೆ ‘ನಿನ್ನ ಮಗನಿಗೆ ಕೆಲಸ ಸಿಗುತ್ತದೆ, ಊರು ಬೆಳೆಯುತ್ತದೆ’ ಎಂದು ಹೇಳಿ ತೆಗೆದುಕೊಂಡದ್ದು. ಅಂದು ಕೊಟ್ಟ ಪರಿಹಾರದ ಹಣ ಬೆಲೆಯ ಒಂದು ಭಾಗ ಮಾತ್ರ. ಇನ್ನೊಂದು ಭಾಗ ಆ ಮಾತು. ಕಾರ್ಖಾನೆ ಮುಚ್ಚಿ ಅದೇ ನೆಲದಲ್ಲಿ ವಿಲ್ಲಾಗಳು ಎದ್ದರೆ, ಮಾತು ತಪ್ಪಿದ ಸರ್ಕಾರ ರೈತನ ಹೊಲವನ್ನು ಬಲವಂತದಿಂದ ಕಿತ್ತು ಬಿಲ್ಡರನಿಗೆ ಕೊಟ್ಟಂತೆಯೇ ಆಯಿತು, ನಡುವೆ ಮೂವತ್ತು ವರ್ಷ ಕಳೆದಿರಬಹುದು ಅಷ್ಟೇ.

ನಗರದೊಳಗಿನ ಜಮೀನಿನ ಕಥೆ ಇನ್ನೂ ಕಠಿಣ. 2024ರಲ್ಲಿ ಅರಣ್ಯ ಸಚಿವ ಈಶ್ವರ ಖಂಡ್ರೆ ಮತ್ತು ಕೇಂದ್ರದ ಭಾರಿ ಕೈಗಾರಿಕೆ ಸಚಿವ ಕುಮಾರಸ್ವಾಮಿ ಬೆಂಗಳೂರಿನ ಎಚ್‌ಎಂಟಿ ಜಮೀನಿನ ಬಗ್ಗೆ ಜಗಳಕ್ಕೆ ನಿಂತರು. ಅದು ಅರಣ್ಯವೇ, ಕೈಗಾರಿಕಾ ಭೂಮಿಯೇ ಎಂಬ ವಾದ ನ್ಯಾಯಾಲಯದಲ್ಲಿ ತೀರ್ಮಾನವಾಗಲಿ. ಆ ಗದ್ದಲದಲ್ಲಿ ಖಂಡ್ರೆಯವರು ಹೇಳಿದ ಇನ್ನೊಂದು ಮಾತಿನ ಕಡೆಗೆ ಗಮನ ಹೋಗಬೇಕಿತ್ತು: ಎಚ್‌ಎಂಟಿ 165 ಎಕರೆಯನ್ನು ಸುಮಾರು 313 ಕೋಟಿ ರೂಪಾಯಿಗೆ ಬೇರೆಯವರಿಗೆ ಮಾರಿದೆ, ಅವರಲ್ಲಿ ಖಾಸಗಿಯವರೂ ಇದ್ದಾರೆ ಎಂಬುದು. ನಾಡು ಎಚ್‌ಎಂಟಿಗೆ ನೆಲ ಕೊಟ್ಟದ್ದು ಯಂತ್ರ ಮತ್ತು ಗಡಿಯಾರ ಮಾಡಲೆಂದು. ನೆಲವನ್ನೇ ಸರಕಾಗಿಸಿ ನಷ್ಟ ತುಂಬಿಕೊಳ್ಳಲೆಂದು ಅಲ್ಲ. ಗಡಿಯಾರ ನಿಂತ ದಿನ ನೆಲ ನಾಡಿಗೆ ಮರಳಬೇಕು ಎಂಬ ಒಂದು ಸಾಲು ಕರಾರಿನಲ್ಲಿ ಇದ್ದು, ಅದನ್ನು ಜಾರಿಗೆ ತರುವ ಮನಸ್ಸು ಇದ್ದಿದ್ದರೆ ಇವತ್ತಿನ ಜಗಳವೇ ಇರುತ್ತಿರಲಿಲ್ಲ.

ಮುಂಬಯಿಯ ಗಿರಣಿಗಳ ಪ್ರಕರಣವನ್ನು ಮೈಸೂರಿನವರು ಎಚ್ಚರಿಕೆಯಿಂದ ಓದಬೇಕು. 1991ರ ನಿಯಮದ ಪ್ರಕಾರ ಗಿರಣಿಯ ನೆಲವನ್ನು ಮರುಬಳಕೆ ಮಾಡುವಾಗ ಮೂರು ಪಾಲು: ಒಂದು ನಗರದ ಬಯಲಿಗೆ, ಒಂದು ಬಡವರ ಮನೆಗೆ, ಒಂದು ಮಾಲೀಕರಿಗೆ. 2001ರಲ್ಲಿ ಆ ನಿಯಮವನ್ನು ತಿದ್ದಿ, ಪಾಲು ಖಾಲಿ ಜಾಗಕ್ಕೆ ಮಾತ್ರ, ಕಟ್ಟಡ ನಿಂತಿರುವ ಜಾಗಕ್ಕೆ ಅಲ್ಲ ಎಂದರು. ಗಿರಣಿಯ ಅಂಗಳದಲ್ಲಿ ಖಾಲಿ ಜಾಗ ಎಷ್ಟಿರುತ್ತದೆ? 2005ರಲ್ಲಿ ರಾಷ್ಟ್ರೀಯ ಜವಳಿ ನಿಗಮ ಐದು ಗಿರಣಿಗಳ ನೆಲವನ್ನು ಸುಮಾರು ಎರಡು ಸಾವಿರ ಕೋಟಿಗೆ ಖಾಸಗಿ ಡೆವಲಪರ್‌ಗಳಿಗೆ ಮಾರಿತು. ಮರುವರ್ಷ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ನಗರಕ್ಕೆ ಸಿಗಬೇಕಾದ ಬಯಲು, ಮನೆಗಳ ಬಹುಪಾಲು ಹೋದದ್ದು ಹರಾಜಿನ ದಿನ ಅಲ್ಲ; ನಾಲ್ಕು ವರ್ಷ ಮೊದಲೇ, ನಿಯಮದ ಒಂದು ತಿದ್ದುಪಡಿಯಲ್ಲಿ.

ನನ್ನ ವಿಮರ್ಶೆಯ ಮುಖ್ಯ ಮಾತು ಇದೇ. ಮಾರಾಟ ಎರಡು ಹೆಜ್ಜೆಯಲ್ಲಿ ನಡೆಯುತ್ತದೆ. ಕೈಗಾರಿಕಾ ವಲಯದ ಎಕರೆಯನ್ನು ಕೊಂಡವನು ಕಾರ್ಖಾನೆಯನ್ನೇ ನಡೆಸಬೇಕಾದರೆ ಅದರ ಬೆಲೆ ಒಂದು. ಅದೇ ಎಕರೆ ವಸತಿ ಅಥವಾ ವಾಣಿಜ್ಯ ವಲಯಕ್ಕೆ ಬದಲಾದ ಮರುದಿನ ಅದರ ಬೆಲೆ ಬೇರೆಯೇ. ಕರ್ನಾಟಕದಲ್ಲಿ ಆ ಬದಲಾವಣೆ ಆಗುವುದು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ, ಮಹಾಯೋಜನೆಯ ನಕ್ಷೆಯಲ್ಲಿ ಅಥವಾ ಬಿಡಿ ಬಿಡಿ ಭೂಬಳಕೆ ಬದಲಾವಣೆಯ ಆದೇಶದಲ್ಲಿ. ನೆಲದ ಬೆಲೆ ಜಿಗಿಯುವುದು ಅಲ್ಲಿ, ಲಾಭ ಹುಟ್ಟುವುದು ಅಲ್ಲಿ. ಕ್ರಯಪತ್ರದ ದರಕ್ಕೆ ಧರಣಿ ಕೂರುವ ನಾವು ನಕ್ಷೆಯ ಬಣ್ಣ ಬದಲಾದಾಗ ಪತ್ರಿಕೆಯ ಮೂಲೆಯ ಜಾಹೀರಾತನ್ನೂ ಓದಿರುವುದಿಲ್ಲ.

ಪಾಳು ಬಿದ್ದ ಜಾಗ ಯಾರಿಗೂ ಉಪಯೋಗವಿಲ್ಲ ಎಂಬ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಬೆಂಗಳೂರಿನ ಬೈಯಪ್ಪನಹಳ್ಳಿಯ ಸರ್ಕಾರಿ ಕಾರ್ಖಾನೆ ಎನ್‌ಜಿಇಎಫ್ 2002ರಲ್ಲಿ ಮುಚ್ಚಿದ ಮೇಲೆ ಎರಡು ದಶಕ ಅದರ ಶೆಡ್ಡುಗಳು ತುಕ್ಕು ಹಿಡಿದವು. ಕೆಲಸ ಕಳೆದುಕೊಂಡ ಕಾರ್ಮಿಕನಿಗೆ ಬಾಕಿ ಬರಬೇಕು, ಆ ಹಣ ಎಲ್ಲಿಂದಾದರೂ ಬರಬೇಕು. ಆದರೆ ಮಾರದೆಯೂ ದಾರಿ ಇದೆ ಎಂಬುದನ್ನು ಬೆಂಗಳೂರೇ ತೋರಿಸಿದೆ. ಎನ್‌ಜಿಇಎಫ್ ನೆಲದಲ್ಲಿ ವೃಕ್ಷೋದ್ಯಾನದ ಯೋಜನೆ ಬಂದಿದೆ. ಮಲ್ಲೇಶ್ವರದ ಮೈಸೂರು ಲ್ಯಾಂಪ್ಸ್ ಜಾಗವನ್ನು ಬಿಲ್ಡರ್‌ಗೆ ಕೊಡದೆ ನಗರದ ಚರಿತ್ರೆ ಹೇಳುವ ಸಾರ್ವಜನಿಕ ತಾಣ ಮಾಡಲು ಸರ್ಕಾರ ನಿರ್ಧರಿಸಿತು. ನಿಧಾನವಾಗಿದೆ ನಿಜ, ಆದರೆ ನೆಲ ಇನ್ನೂ ನಮ್ಮದು, ತಪ್ಪಾದರೆ ತಿದ್ದಬಹುದು. ಉದ್ಯಮಸ್ನೇಹಿ ಎಂದು ನಮ್ಮ ಮಂತ್ರಿಗಳು ಸದಾ ಹೊಗಳುವ ಸಿಂಗಪುರದಲ್ಲಿ ಕೈಗಾರಿಕಾ ನೆಲವನ್ನು ಸಾಮಾನ್ಯವಾಗಿ ಇಪ್ಪತ್ತು, ಮೂವತ್ತು ವರ್ಷಗಳ ಗುತ್ತಿಗೆಗೆ ಕೊಡುತ್ತಾರೆ. ಅವಧಿ ಮುಗಿದರೆ ನೆಲ ಸರ್ಕಾರಕ್ಕೆ ಮರಳುತ್ತದೆ. ಅಲ್ಲಿಂದ ಉದ್ಯಮ ಓಡಿಹೋಗಿಲ್ಲ.

ಆದ್ದರಿಂದ ನನ್ನ ತೀರ್ಪು: ಸಾರ್ವಜನಿಕ ಕೈಗಾರಿಕಾ ಜಮೀನಿನ ಶುದ್ಧ ಕ್ರಯ ಎಂಬ ಪದ್ಧತಿಯೇ ತಪ್ಪು, ದರ ಎಷ್ಟಾದರೂ ಇರಲಿ. ಕೊಡುವುದಾದರೆ ಗುತ್ತಿಗೆ, ಅದೂ ಕೈಗಾರಿಕೆಗೆ ಮಾತ್ರ, ನಿಂತರೆ ಮರಳುವ ಷರತ್ತಿನೊಂದಿಗೆ. ಕೇಂದ್ರ ಸರ್ಕಾರ 2022ರಲ್ಲಿ ಸಾರ್ವಜನಿಕ ಉದ್ಯಮಗಳ ಹೆಚ್ಚುವರಿ ನೆಲವನ್ನು ನಗದಾಗಿಸಲು ಪ್ರತ್ಯೇಕ ನಿಗಮವನ್ನೇ ಸ್ಥಾಪಿಸಲು ಒಪ್ಪಿಗೆ ಕೊಟ್ಟಿರುವಾಗ ಈ ಮಾತನ್ನು ಮುಂದೂಡುವಂತಿಲ್ಲ.

ಮೈಸೂರಿನ ಮಹಾಯೋಜನೆಯ ಕರಡು ಆಕ್ಷೇಪಣೆಗೆ ಬಂದಾಗ ಅಶೋಕಪುರಂನ ಸಂಘಗಳು, ಕಾರ್ಮಿಕ ಸಂಘಟನೆಗಳು, ಕಾಲೇಜು ಮೇಷ್ಟ್ರುಗಳು ನಕ್ಷೆಯನ್ನು ಮೇಜಿನ ಮೇಲೆ ಹರಡಿ ನೋಡಬೇಕು. ಊರಿನ ಪ್ರತಿ ಸಾರ್ವಜನಿಕ ಕಾರ್ಖಾನೆಯ ಜಾಗ ಯಾವ ಬಣ್ಣದಲ್ಲಿದೆ ಎಂದು ಗುರುತು ಹಾಕಿ, ಅದು ಕೈಗಾರಿಕೆಯ ಬಣ್ಣದಲ್ಲೇ ಉಳಿಯಬೇಕೆಂದು ಲಿಖಿತ ಆಕ್ಷೇಪಣೆ ಕೊಟ್ಟು, ಸ್ವೀಕೃತಿ ಪಡೆದುಕೊಳ್ಳಬೇಕು. ಕ್ರಯಪತ್ರದ ಕಡತ ಸಂಪುಟದ ಮುಂದೆ ಬಂದ ಮೇಲೆ ತಡವಾಗಿರುತ್ತದೆ.