ಸಂಕಮ್ಮನ ಉಡುಗೆ, ಸಂಕಮ್ಮನ ಮಾತು

ಅನ್ನಪೂರ್ಣೇಶ್ವರಿ ನಗರದ ಚಹಾ ಅಂಗಡಿಯ ಮುಂದೆ ಇಬ್ಬರು ಹುಡುಗರ ವಾಗ್ವಾದ. ಒಬ್ಬ ಆಲ್ ಓಕೆ ಅಭಿಮಾನಿ, ಇನ್ನೊಬ್ಬ ಚಂದನ್ ಶೆಟ್ಟಿಯ ಕಡೆಯವನು. ಮಾತು 2020ರ ‘ಕೋಲುಮಂಡೆ’ಗೆ ಬಂದು ನಿಂತಿತು. ಮಲೆ ಮಹದೇಶ್ವರನ ಜನಪದ ಹಾಡಿಗೆ ಚಂದನ್ ರ್‍ಯಾಪ್ ಬೆರೆಸಿದ್ದರು. ಸಂಕಮ್ಮನನ್ನು ತೋರಿಸಿದ ರೀತಿಗೆ ಭಕ್ತರು ನೊಂದರು. ಚಂದನ್ ಕ್ಷಮೆ ಕೇಳಿದರು, ವಿಡಿಯೋ ಹಿಂತೆಗೆದುಕೊಂಡರು.

“ರ್‍ಯಾಪ್ ನಮ್ಮದಲ್ಲ, ಅದಕ್ಕೇ ಹೀಗಾಯ್ತು” ಎಂದ ಒಬ್ಬ.

ನನಗೆ ಹಾಗನ್ನಿಸುವುದಿಲ್ಲ. ಕಂಸಾಳೆಯ ತಾಳಕ್ಕೆ ರಾತ್ರಿಯಿಡೀ ಕತೆ ಹೇಳುವ ದೇವರಗುಡ್ಡರನ್ನು ಕೇಳಿದವರಿಗೆ ಮಾತೇ ಹಾಡಾಗುವ ಈ ಓಟ ಹೊಸದಲ್ಲ. ಕೊರತೆ ಬೇರೆ ಕಡೆ ಇದೆ. ಆ ಕಾವ್ಯದ ಸಂಕಮ್ಮ ಯಾರು? ಕಾಡಿಗೆ ಹೊರಟ ಗಂಡ ನೀಲಯ್ಯ ಅವಳ ಶೀಲವನ್ನು ಶಂಕಿಸಿ ಬಲಗೈ ಭಾಷೆ ಕೇಳುತ್ತಾನೆ. ಅವಳು ಕೊಡುವುದಿಲ್ಲ. ಹಿಂಸೆ ಅನುಭವಿಸುತ್ತಾಳೆ, ಆದರೂ ಕೊಡುವುದಿಲ್ಲ. ನಮ್ಮ ಜಗಳವೆಲ್ಲ ಅವಳ ಉಡುಗೆ, ಕುಣಿತದ ಸುತ್ತಲೇ ನಡೆಯಿತು. ಆ ನಿರಾಕರಣೆಗೆ ಕಿವಿಗೊಡುವ ವ್ಯವಧಾನ ಹಾಡಿದವರಿಗೂ ಇರಲಿಲ್ಲ, ವಿರೋಧಿಸಿದವರಿಗೂ ಇರಲಿಲ್ಲ. ಬೆಂಗಳೂರಿನಲ್ಲೇ ಸಿರಿಯಂಥ ರ್‍ಯಾಪರ್ ಹೆಣ್ಣುಮಗಳಿದ್ದಾರೆ. ಆ ಕತೆಯನ್ನು ಸಂಕಮ್ಮನ ಬಾಯಿಂದಲೇ ಹೇಳಿಸಬಹುದಿತ್ತು.

ಹುಡುಗರಿಗೆ ಇದನ್ನೇ ಹೇಳಿದೆ. ಚಂದನ್ ಕಡೆಯವನು ಲೋಟ ಕೆಳಗಿಟ್ಟ. “ಭಾಷೆ ಕೊಡದ ವಿಷಯ ನಮಗೆ ಯಾರೂ ಹೇಳಿರಲಿಲ್ಲ ಸಾರ್.”