ಗೌನಿನ ಒಳಗಿನ ಹೊಲಿಗೆ

ಹೊಲಿಗೆಯ ಪುಸ್ತಕಗಳನ್ನು ವಿಮರ್ಶೆಗೆ ಎತ್ತಿಕೊಳ್ಳುವವರು ಕಡಿಮೆ. ಅಡುಗೆ ಪುಸ್ತಕದಂತೆ ಅವೂ ಬಳಸಿ ಬದಿಗಿಡುವಂಥವು ಎಂಬ ಭಾವನೆ. ಆದರೆ ಇಂಗ್ಲೆಂಡಿನ ಜಾನೆಟ್ ಅರ್ನಾಲ್ಡ್ 1964ರಲ್ಲಿ ಹೊರತಂದ ‘ಪ್ಯಾಟರ್ನ್ಸ್ ಆಫ್ ಫ್ಯಾಷನ್’ ಮೊದಲ ಸಂಪುಟವನ್ನು ಹಾಗೆ ಬದಿಗಿಡಲಾಗದು. 1660ರಿಂದ 1860ರವರೆಗಿನ ಇಂಗ್ಲಿಷ್ ಹೆಂಗಸರ ಉಡುಪುಗಳು ಅದರ ವಿಷಯ. ಉಳಿದುಬಂದ ಗೌನುಗಳನ್ನು ಆಕೆ ಅಳೆದು, ಒಂದೊಂದು ತುಂಡನ್ನೂ ಚೌಕುಳಿ ಹಾಳೆಯ ಮೇಲೆ ಚಿತ್ರಿಸಿದ್ದಾರೆ. ಹಾಳೆಯ ಎಂಟನೇ ಒಂದು ಇಂಚು ಬಟ್ಟೆಯ ಒಂದು ಇಂಚಿಗೆ ಸಮ. ನೋಡಿದರೆ ಕೈಮುಗಿಯಬೇಕೆನ್ನಿಸುವ ಶ್ರದ್ಧೆ ಅದು.

ರವಿಕೆಯಾಚೆಗೆ ಹೊಲಿದು ಗೊತ್ತಿಲ್ಲದ ನಾನು ಹದಿನೆಂಟನೆಯ ಶತಮಾನದ ಗೌನೊಂದನ್ನು ಹೊಲಿಯಬೇಕೆಂದು ಈ ಪುಸ್ತಕದ ಮುಂದೆ ಕುಳಿತೆ. ಆಗ ಒಂದು ಪ್ರಶ್ನೆ ಎದ್ದಿತು. ಇಲ್ಲಿನ ನಕ್ಷೆಗಳೆಲ್ಲ ಹೊರಗಿನ ಉಡುಪಿನವು. ಆ ಉಡುಪನ್ನು ಹೊತ್ತು ನಿಲ್ಲಿಸುವ ಒಳ ಉಡುಪು ಎಲ್ಲಿ?

ಗೌನು ಮೈಮೇಲೆ ಕೂರುವುದು ಕೊನೆಗೆ. ಮೊದಲು ಲಿನನ್ನಿನ ಒಳ ಅಂಗಿ. ಅದರ ಮೇಲೆ ಸ್ಟೇಸ್ ಎಂಬ ಬಿಗಿ ಕುಪ್ಪಸ. ಲಿನನ್ ಪದರಗಳ ನಡುವೆ ಸಾಲುಸಾಲು ಹೊಲಿಗೆ ಹಾಕಿ, ತಿಮಿಂಗಿಲದ ಬಾಯಿಯೊಳಗಿನ ಗಡಸು ಪಟ್ಟಿಗಳನ್ನು ತೂರಿಸಿ ಮಾಡಿದ್ದು. ಸೊಂಟಕ್ಕೆ ಲಾಡಿಯಿಂದ ಕಟ್ಟುವ ಬಿಡಿ ಜೇಬುಗಳು. ಆಮೇಲೆ ಲಂಗಗಳು. ಗೌನಿನ ಅಳತೆ ತೆಗೆಯಬೇಕಾದದ್ದು ಸ್ಟೇಸ್ ತೊಟ್ಟ ಮೈಮೇಲೆ. ಬರಿಯ ಮೈಯ ಅಳತೆಗೆ ಕತ್ತರಿಸಿದ ಗೌನು ಆ ಕಾಲದ ರೂಪಕ್ಕೆ ಬರುವುದಿಲ್ಲ. ಹೊಸಬಳಿಗೆ ಮೊದಲು ಹೇಳಬೇಕಾದ ಮಾತು ಇದೇ.

ಒಳ ಅಂಗಿಯನ್ನು ಹೊಲಿಯುವಾಗ ಅದರ ಜಾಣತನ ತಿಳಿಯುತ್ತದೆ. ಆಯತ, ಚೌಕ, ತ್ರಿಕೋನ ಇಷ್ಟರಲ್ಲೇ ಅಂಗಿ ಮುಗಿಯುತ್ತದೆ. ಕಂಕುಳಿಗೆ ಒಂದು ಚೌಕ ತುಂಡು, ಕೆಳಗಿನ ಅಗಲಕ್ಕೆ ಓರೆ ತುಂಡುಗಳು. ಬಟ್ಟೆ ಹೆಚ್ಚೇನೂ ಪೋಲಾಗದು. ಹೊಲಿಗೆ ಮಾತ್ರ ಬಹಳ ಸಣ್ಣದು, ಏಕೆಂದರೆ ಮೈಗಂಟಿದ ಈ ಅಂಗಿ ಮತ್ತೆಮತ್ತೆ ಒಗೆತಕ್ಕೆ ಹೋಗಬೇಕು. ಬೆಲೆಬಾಳುವ ರೇಷ್ಮೆ ಗೌನಿನಲ್ಲಿ ಎಷ್ಟೋ ಕಡೆ ಹೊಲಿಗೆ ದೊಡ್ಡದು, ಸಡಿಲ. ಬಟ್ಟೆ ದುಬಾರಿ, ಹೊಲಿಯುವ ಕೈಯ ಕೂಲಿ ಅಗ್ಗ. ನಾಳೆ ಬಿಚ್ಚಿ ಬೇರೆ ರೂಪಕ್ಕೆ ಹೊಲಿಯಬೇಕಾದ ಬಟ್ಟೆಯನ್ನು ಕತ್ತರಿಸುವುದಕ್ಕಿಂತ ನೆರಿಗೆ ಹಿಡಿಯುವುದೇ ಲಾಭ. ಯಾರಿಗೂ ಕಾಣದ ಅಂಗಿಗೆ ಸೂಕ್ಷ್ಮ ಹೊಲಿಗೆ, ಎಲ್ಲರೂ ನೋಡುವ ಗೌನಿಗೆ ಅವಸರದ ಹೊಲಿಗೆ! ಇದನ್ನು ಓದಿ ತಿಳಿಯುವುದು ಬೇರೆ, ಬೆರಳು ನೋಯಿಸಿಕೊಂಡು ತಿಳಿಯುವುದು ಬೇರೆ.

ಹಾಗೆಂದು ಅರ್ನಾಲ್ಡ್ ಅವರನ್ನು ದೂರುವುದು ಸರಿಯಲ್ಲ. ಉಳಿದದ್ದನ್ನು ಆಕೆ ಅಳೆದರು. ರೇಷ್ಮೆ ಗೌನನ್ನು ಮನೆಯವರು ಪೆಟ್ಟಿಗೆಯಲ್ಲಿ ಜೋಪಾನ ಮಾಡಿದರು. ಒಳ ಅಂಗಿ ಸವೆದು ಚಿಂದಿಯಾಯಿತು, ಚಿಂದಿ ಕಾಗದದ ಕಾರ್ಖಾನೆಗೆ ಹೋಯಿತು. ನೋರಾ ವಾ ಎಂಬಾಕೆ 1954ರಲ್ಲೇ ‘ಕಾರ್ಸೆಟ್ಸ್ ಅಂಡ್ ಕ್ರಿನೊಲಿನ್ಸ್’ ಪುಸ್ತಕದಲ್ಲಿ ಸ್ಟೇಸ್‌ಗಳ ನಕ್ಷೆ ಕೊಟ್ಟಿದ್ದರು ನಿಜ. ಆದರೆ ಅರ್ನಾಲ್ಡ್ ಅವರ ಮಾಲೆಯಲ್ಲಿ ಸ್ಟೇಸ್‌ಗಳ ನಕ್ಷೆಗಳಿರುವ ಐದನೆಯ ಸಂಪುಟ ಬಂದದ್ದು 2018ರಲ್ಲಿ. ಆಕೆ 1998ರಲ್ಲಿ ತೀರಿಕೊಂಡ ಮೇಲೆ ಜೆನ್ನಿ ತಿರಮಾನಿ ಮತ್ತು ಜೊತೆಗಾರರು ಅದನ್ನು ಪೂರ್ತಿ ಮಾಡಿದರು. ಗೌನಿನಿಂದ ಸ್ಟೇಸ್‌ಗೆ ಬರಲು ಐವತ್ತನಾಲ್ಕು ವರ್ಷ ಹಿಡಿಯಿತು.

ನನ್ನ ತಕರಾರು ಇಷ್ಟೇ. ಉಡುಪಿನ ಚರಿತ್ರೆಯನ್ನು ಗೌನಿನಿಂದ ಶುರುಮಾಡಿದರೆ ಉಟ್ಟವಳ ಅಂತಸ್ತು ತಿಳಿಯುತ್ತದೆ, ಹೊಲಿದವಳ ದಿನ ತಿಳಿಯುವುದಿಲ್ಲ. ಸ್ಟೇಸ್ ಮಾಡುತ್ತಿದ್ದವರು ಹೆಚ್ಚಾಗಿ ಗಂಡಸರು, ಗೌನು ಹೊಲಿಯುತ್ತಿದ್ದವರು ಕಸುಬಿನ ಹೆಂಗಸರು. ಒಳ ಅಂಗಿ ಬಹುಪಾಲು ಮನೆಯ ಹೆಣ್ಣುಮಕ್ಕಳ ಪಾಲಿನ ಕೆಲಸ. ಕೂಲಿಯಿಲ್ಲದ ಆ ಕೆಲಸಕ್ಕೆ ಸಹಿಯೂ ಇಲ್ಲ. ಹೊಲಿಗೆ ಬಲ್ಲ ಗೆಳತಿಯರು ಅರ್ನಾಲ್ಡ್ ಅವರ ಪುಸ್ತಕವನ್ನು ಖಂಡಿತ ನೋಡಬೇಕು. ಆದರೆ ಕತ್ತರಿ ಹಿಡಿಯುವವರು ಒಳ ಅಂಗಿಯಿಂದಲೇ ಆರಂಭಿಸಲಿ. ಒಂದು ಕಂಕುಳ ಚೌಕವನ್ನು ನೆಟ್ಟಗೆ ಕೂರಿಸಿದವರಿಗೆ ಗೌನಿನ ನಕ್ಷೆ ಅರ್ಧ ಅರ್ಥವಾದಂತೆಯೇ.